ರೈಲು ಹೋದ ದಾರಿಯಲ್ಲಿ ಸೈಕಲ್: ಒಟಾಗೊದ 152 ಕಿ.ಮೀ., ಆಮೇಲೆ ಇನ್ನೊಂದಿಷ್ಟು

ನ್ಯೂಜಿಲೆಂಡಿನ ಒಟಾಗೊ ಸೆಂಟ್ರಲ್ ರೈಲ್ ಟ್ರೇಲ್‌ನಲ್ಲಿ, ಅಂದರೆ ಹಳೆಯ ರೈಲು ಹಳಿಯ ಜಾಗದಲ್ಲಿ ಮಾಡಿದ ಸೈಕಲ್ ದಾರಿಯಲ್ಲಿ, ನಾಲ್ಕು ದಿನ ಸೈಕಲ್ ತುಳಿದು, ಒಂದು ದಿನ ಸುಧಾರಿಸಿಕೊಂಡು, ಮರುದಿನ ಅದರಾಚೆಗೂ ಹೋಗಿ ಬಂದೆವು. ನಾವು ಅಂದರೆ ನಾನು ಮತ್ತು ಅರವತ್ತೊಂದು ವರ್ಷದ ನಮ್ಮ ಭಾವ. ಅವರು ಕೊನೆಯ ಸಲ ಸೈಕಲ್ ಹತ್ತಿದ್ದು ಯಾವಾಗ ಅಂತ ಅವರಿಗೇ ನೆನಪಿರಲಿಲ್ಲ. ಆದರೂ 152 ಕಿ.ಮೀ. ಆರಾಮಾಗಿ ಮುಗಿಸಿದರು. ಸುಸ್ತು ಹೊಡೆದದ್ದು ಕೊನೆಯ ದಿನದ ನಲವತ್ತು ಚಿಲ್ಲರೆ ಕಿಲೋಮೀಟರಿಗೆ. ಯಾಕೆ ಹಾಗಾಯಿತು ಅನ್ನುವುದು ಮೊದಲೇ ಗೊತ್ತಿದ್ದರೆ ನಿಮ್ಮ ಪ್ಲಾನ್ ಬೇರೆ ಥರ ಇರುತ್ತದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಬೆ ಎಂಜಿನ್ನಿಗೆ ಕಡಿದಾದ ಏರು ಆಗುವುದಿಲ್ಲ. ಹಳಿ ಹಾಕಿದವರು ಐವತ್ತು ಮೀಟರಿಗೆ ಒಂದು ಮೀಟರ್, ಅದಕ್ಕಿಂತ ಹೆಚ್ಚು ಏರು ಬಾರದಂತೆ ಗುಡ್ಡಗಳನ್ನು ಬಳಸಿದರು, ಬಳಸಲಾಗದ ಕಡೆ ಕೊರೆದರು. ಡನೀಡಿನ್ ನಗರದ ಪಕ್ಕದ ವಿಂಗಟುಯಿಯಲ್ಲಿ 1879ರಲ್ಲಿ ಶುರುವಾದ ಕೆಲಸ ಕ್ಲೈಡ್ ಮುಟ್ಟಿದ್ದು 1907ರಲ್ಲಿ, ಕ್ರಾಮ್‌ವೆಲ್ ಮುಟ್ಟಿದ್ದು 1921ರಲ್ಲಿ. ಕ್ಲೈಡ್ ಅಣೆಕಟ್ಟಿನ ಸಾಮಾನು ಸಾಗಿಸಿದ್ದೇ ಈ ರೈಲಿನ ಕೊನೆಯ ದೊಡ್ಡ ಕೆಲಸ. 1990ರಲ್ಲಿ ಮಿಡಲ್‌ಮಾರ್ಚ್‌ನಿಂದ ಆಚೆಗಿನ ಮಾರ್ಗ ಮುಚ್ಚಿತು. ಹಳಿ ಕಿತ್ತರು, ದಪ್ಪ ಜಲ್ಲಿ ತೆಗೆದು ಸಣ್ಣದು ಹಾಸಿದರು, ಸೇತುವೆಗಳಿಗೆ ಹಲಗೆ ಮತ್ತು ಕಂಬಿ ಕೂರಿಸಿದರು. 2000ದಲ್ಲಿ ಮಿಡಲ್‌ಮಾರ್ಚ್‌ನಿಂದ ಕ್ಲೈಡ್‌ವರೆಗಿನ ಇಡೀ ದಾರಿ ಸೈಕಲ್ಲಿಗೂ ನಡೆಯುವವರಿಗೂ ತೆರೆಯಿತು. ದಾರಿಗೆ ಶುಲ್ಕ ಇಲ್ಲ. ಕುದುರೆಗೆ ಅವಕಾಶ ಉಂಟು, ಮೋಟಾರ್ ಬೈಕಿಗಿಲ್ಲ.

ಹೆಚ್ಚಿನವರು ಕ್ಲೈಡ್‌ನಿಂದ ಹೊರಡುತ್ತಾರೆ. ಮುಂದಕ್ಕೂ ಹೋಗುವ ಮನಸ್ಸಿದ್ದರೆ ಮಿಡಲ್‌ಮಾರ್ಚ್‌ನಿಂದ ಹೊರಡಿ. ಉಳಿದ ಟ್ರೇಲ್‌ಗಳೆಲ್ಲ ಕ್ಲೈಡ್, ಅಲೆಕ್ಸಾಂಡ್ರಾ ಕಡೆ ಇವೆ. ಡನೀಡಿನ್‌ನಿಂದ ಮಿಡಲ್‌ಮಾರ್ಚ್‌ಗೆ ಸುಮಾರು 80 ಕಿ.ಮೀ., ಶಟಲ್ ವ್ಯಾನು ಸಿಗುತ್ತದೆ. ಸೈಕಲ್, ಹೆಲ್ಮೆಟ್, ಬ್ಯಾಗು ಮುಂದಿನ ಊರಿಗೆ ತಲುಪಿಸುವ ಏರ್ಪಾಡು, ಎಲ್ಲವನ್ನೂ ಬಾಡಿಗೆಯವರೇ ನೋಡಿಕೊಳ್ಳುತ್ತಾರೆ. ಹೆಲ್ಮೆಟ್ ಆ ದೇಶದಲ್ಲಿ ಕಾನೂನು, ಬೇಡ ಅನ್ನುವ ಹಾಗಿಲ್ಲ. ನಿಮ್ಮದೇ ಸೈಕಲ್ ಒಯ್ಯುವ ಹಟವಿದ್ದರೆ ಟೈರಿನ ಸಂದಿಯ ಮಣ್ಣನ್ನೆಲ್ಲ ಊರಲ್ಲೇ ತೊಳೆದುಬಿಡಿ. ಬಳಸಿದ ಸೈಕಲ್, ಶೂ, ತಿಂಡಿ ಎಲ್ಲವನ್ನೂ ವಿಮಾನ ನಿಲ್ದಾಣದಲ್ಲಿ ಬರೆದು ತಿಳಿಸಬೇಕು. ಮುಚ್ಚಿಟ್ಟರೆ ಅಲ್ಲೇ 400 ಡಾಲರ್ ದಂಡ.

ಮೊದಲ ದಿನ ಎಡಕ್ಕೆ ರಾಕ್ ಅಂಡ್ ಪಿಲ್ಲರ್ ಬೆಟ್ಟಸಾಲು, ಎದುರಿಗೆ ನೂಲು ಹಿಡಿದಂತೆ ನೆಟ್ಟಗಿನ ದಾರಿ. ಎರಡು ಗಂಟೆ ತುಳಿದರೂ ಬೆಟ್ಟ ಇದ್ದಲ್ಲೇ ಇದ್ದ ಹಾಗೆ ಕಾಣುತ್ತದೆ. ಹೈಡ್ ಹತ್ತಿರ ಒಂದು ಸ್ಮಾರಕವಿದೆ. 1943ರ ಜೂನ್ 4ರಂದು ಪ್ರಯಾಣಿಕರ ರೈಲು ತಿರುವಿನಲ್ಲಿ ವೇಗ ಹೆಚ್ಚಾಗಿ ಹಳಿ ತಪ್ಪಿ, 21 ಮಂದಿ ಸತ್ತ ಜಾಗ. ಭಾವ ಹೆಲ್ಮೆಟ್ ತೆಗೆದು ಸ್ವಲ್ಪ ಹೊತ್ತು ನಿಂತರು. ಆಮೇಲೆ ಇಳುಕಲು ಬಂದಲ್ಲೆಲ್ಲ ಬ್ರೇಕ್ ಹಿಡಿದೇ ಇದ್ದರು.

ಎರಡನೇ ದಿನದ ವೈರಿ ಗಾಳಿ. ವೈಪಿಯಾಟಾ, ರಾನ್‌ಫರ್ಲಿ ಕಡೆ ಮಾನಿಯಟೋಟೊ ಬಯಲು ಅನ್ನುತ್ತಾರೆ, ಮರೆ ಅನ್ನುವುದೇ ಇಲ್ಲ. ವಾಯವ್ಯದ ಗಾಳಿ ಎದ್ದರೆ ಸಮತಟ್ಟು ದಾರಿಯೂ ಏರಿನ ಹಾಗೆ ಕಾಡುತ್ತದೆ. ಬೆಳಿಗ್ಗೆ ಏಳೂವರೆಗೆ ಹೊರಟರೆ ಗಾಳಿ ಏಳುವ ಹೊತ್ತಿಗೆ ಅರ್ಧ ದಾರಿ ಮುಗಿದಿರುತ್ತದೆ. ನಾವು ಹೊರಟಿದ್ದು ಹತ್ತಕ್ಕೆ, ಅನುಭವಿಸಿದೆವು. ರಾನ್‌ಫರ್ಲಿಯಲ್ಲಿ 1903ರ ಜುಲೈನಲ್ಲಿ ಮೈನಸ್ 25.6 ಡಿಗ್ರಿ ದಾಖಲಾಗಿದೆ, ಇದೇ ಪ್ರಾಂತ್ಯದ ಅಲೆಕ್ಸಾಂಡ್ರಾದಲ್ಲಿ ಬೇಸಿಗೆಯಲ್ಲಿ 30 ದಾಟುತ್ತದೆ. ನನ್ನ ಕೇಳಿದರೆ ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಒಳ್ಳೆಯದು. ನಾವು ಹೋದದ್ದೂ ಆಗಲೇ. ಪಾಪ್ಲರ್ ಮರಗಳೆಲ್ಲ ಅರಿಶಿನ ಬಳಿದ ಹಾಗೆ ನಿಂತಿರುತ್ತವೆ. ಚಳಿಗಾಲದಲ್ಲಿ ದಾರಿ ತೆರೆದೇ ಇದ್ದರೂ ಉಳಿಯುವ ಮನೆಗಳು ಎಷ್ಟೋ ಮುಚ್ಚಿರುತ್ತವೆ.

ವೆಡರ್ಬರ್ನ್‌ನ ಹಸಿರು ಗೂಡ್ಸ್ ಶೆಡ್ಡಿನ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಅದಾದ ಮೇಲೆ ದಾರಿಯ ಅತಿ ಎತ್ತರದ ಜಾಗ, 618 ಮೀಟರ್. ಫಲಕ ಇಲ್ಲದಿದ್ದರೆ ತುದಿ ಹತ್ತಿದ್ದು ಗೊತ್ತೇ ಆಗುತ್ತಿರಲಿಲ್ಲ. ‘ಇಷ್ಟೇನಾ?’ ಅಂದರು ಭಾವ. ಆ ಮಾತನ್ನು ಆಮೇಲೆ ನಾಲ್ಕೈದು ಸಲ ನೆನಪಿಸಿದ್ದೇನೆ.

ಓಟುರೆಹುವಾದಲ್ಲಿ ರಾತ್ರಿ ಉಳಿಯಿರಿ. ಅಲ್ಲಿ 1895ರಲ್ಲಿ ಶುರುವಾದ ಹೇಯ್ಸ್ ಎಂಜಿನಿಯರಿಂಗ್ ಕಾರ್ಖಾನೆ ಇದೆ. ತಗಡಿನ ಗೋಡೆ, ಮಣ್ಣಿನ ನೆಲ. ಮಾಡಿನ ಕೆಳಗೆ ಉದ್ದಕ್ಕೂ ಒಂದು ಕಬ್ಬಿಣದ ದಂಡ, ಅದರಿಂದ ಒಂದೊಂದು ಯಂತ್ರಕ್ಕೂ ಇಳಿದ ಚರ್ಮದ ಪಟ್ಟಿ. ಬೇಲಿಯ ತಂತಿ ಬಿಗಿ ಮಾಡುವ ಎರ್ನೆಸ್ಟ್ ಹೇಯ್ಸ್ ಅವರ ಸಾಧನ ಇಲ್ಲಿಂದ ಹೊರದೇಶಗಳಿಗೂ ಹೋಯಿತು. ಆದರೆ ನಮಗೆ ಹಿಡಿಸಿದ್ದು ಅವರ ಹೆಂಡತಿ ಹ್ಯಾನಾ ಕಥೆ. ಗಂಡ ಮಾಡಿದ ಸಾಮಾನು ಮಾರಲು ಆಕೆ ಸೈಕಲ್ಲಿನಲ್ಲೇ ಈ ಬಯಲಿನ ಹೊಲಮನೆಗಳನ್ನು ಸುತ್ತಿ ಆರ್ಡರ್ ತರುತ್ತಿದ್ದರಂತೆ. ಗೇರಿಲ್ಲದ ಸೈಕಲ್ಲು, ಉದ್ದ ಲಂಗ, ಇದೇ ಗಾಳಿ. ಹಿಂದಿನ ದಿನ ಇಪ್ಪತ್ತೊಂದು ಗೇರಿನ ಸೈಕಲ್ಲಿನ ಮೇಲೆ ಕೂತು ಗೊಣಗಿದ್ದಕ್ಕೆ ನಾಚಿಕೆಯಾಯಿತು. ಕಾರ್ಖಾನೆ ವರ್ಷವಿಡೀ ತೆರೆದಿರುವುದಿಲ್ಲ, ದಿನ ನೋಡಿಕೊಂಡು ಹೋಗಿ.

ಮೂರನೇ ದಿನ ಪೂಲ್‌ಬರ್ನ್ ಕಮರಿ. ಇಡೀ ದಾರಿಯಲ್ಲಿ ಒಂದೇ ಒಂದು ತುಂಡು ಮಾಡಲು ನಿಮಗೆ ಸಮಯವಿದ್ದರೆ ಓಟುರೆಹುವಾದಿಂದ ಲಾಡರ್‌ವರೆಗಿನ ಈ ತುಂಡನ್ನೇ ಮಾಡಿ, ನಡೆಯುವವರಿಗೂ ಅದೇ ಮಾತು. 37 ಮೀಟರ್ ಎತ್ತರದ ಕಲ್ಲು ಕಬ್ಬಿಣದ ಸೇತುವೆ, ಮುಂದೆ ತಲಾ ಇನ್ನೂರು ಮೀಟರ್ ಚಿಲ್ಲರೆ ಉದ್ದದ ಎರಡು ಸುರಂಗ. ಒಳಗೆ ದೀಪ ಇಲ್ಲ. ನಾನು ಫೋನ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಎರಡು ಕೈಯಲ್ಲೂ ಹ್ಯಾಂಡಲ್ ಹಿಡಿದು ಸೈಕಲ್ ತಳ್ಳಿದೆ, ಜೊಲ್ಲು ಸುರಿಯಿತು, ಮಾನ ಹೋಯಿತು. ತಲೆಗೆ ಕಟ್ಟುವ ಟಾರ್ಚ್ ಒಯ್ಯಿರಿ. ನಡುವೆ ಎಲ್ಲೋ ಕಗ್ಗತ್ತಲೆಯಲ್ಲಿ ಭಾವ ‘ಕೂ...’ ಅಂತ ರೈಲಿನ ಹಾಗೆ ಕೂಗಿದರು. ಆ ಕಡೆಯ ಬಾಯಿಂದ ಯಾವುದೋ ಹೆಂಗಸಿನ ದನಿ ‘ಕೂ’ ಅಂತ ಉತ್ತರ ಕೊಟ್ಟಿತು. ಹೊರಗೆ ಬಂದಾಗ ನೋಡಿದರೆ ನಾಲ್ಕು ಜನ ಅಜ್ಜಿಯರು, ಪೆಡಲಿಗೆ ಕಾಲಿಟ್ಟು ನಗುತ್ತ ನಿಂತಿದ್ದರು.

ಓಮಕಾವ್ ದಾಟಿ ನಾಲ್ಕನೇ ದಿನ ಟೈಗರ್ ಹಿಲ್ ನಮಗೆ ಇಳುಕಲಾಗಿ ಸಿಕ್ಕಿತು, ಕ್ಲೈಡ್‌ನಿಂದ ಬರುವವರಿಗೆ ಅದು ಏರು. ಕೊನೆಯ ಎಂಟು ಕಿ.ಮೀ. ಅಲೆಕ್ಸಾಂಡ್ರಾದಿಂದ ಕ್ಲೈಡ್‌ಗೆ ನೇರ, ಬೇಸರ. ಕಾಲಲ್ಲಿ ಕಸುವಿದ್ದರೆ ಅದನ್ನು ಬಿಟ್ಟು ಕ್ಲೂಥಾ ನದಿಯ ದಂಡೆಯ ಹಾದಿ ಹಿಡಿಯಿರಿ, ಮರಗಳ ನೆರಳಿದೆ.

ಈ ನಾಲ್ಕು ದಿನದಲ್ಲಿ ಕಲಿತದ್ದು ಇಷ್ಟು: ಊರು ಊರಿನ ನಡುವೆ ಕುಡಿಯುವ ನೀರು ಸಿಗುತ್ತದೆ ಅಂದುಕೊಳ್ಳಬೇಡಿ, ಎರಡು ಲೀಟರ್ ಒಯ್ಯಿರಿ. ಕಾಡುಗುಲಾಬಿಯ ಮುಳ್ಳಿದೆ, ಒಂದು ಟ್ಯೂಬು ಹೆಚ್ಚಿಗೆ ಇರಲಿ. ಕುರಿ ಬಿಟ್ಟ ಕಡೆ ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಿ. ದಪ್ಪ ಜೆಲ್ ಸೀಟಿಗಿಂತ ಪ್ಯಾಡ್ ಇರುವ ಚಡ್ಡಿ ವಾಸಿ. ಸಸ್ಯಾಹಾರಿಗಳಿಗೆ ಈ ಸೀಮೆಯ ಚೀಸ್ ರೋಲೇ ಗತಿ ಅನ್ನಬಹುದು, ಮೂರನೇ ದಿನ ಅದರ ಮುಖ ನೋಡಲೂ ಬೇಡ ಅನ್ನಿಸುತ್ತದೆ.

ಇನ್ನು ವಿಸ್ತರಣೆ. ಕ್ಲೈಡ್‌ನಿಂದ ಕ್ರಾಮ್‌ವೆಲ್‌ಗೆ ಹೋಗುತ್ತಿದ್ದ ಹಳಿಯ ಜಾಗ ಈಗ ಕ್ಲೈಡ್ ಅಣೆಕಟ್ಟಿನಿಂದಾದ ಡನ್‌ಸ್ಟನ್ ಸರೋವರದಡಿ ಇದೆ. 2021ರಲ್ಲಿ ತೆರೆದ ಲೇಕ್ ಡನ್‌ಸ್ಟನ್ ಟ್ರೇಲ್ ಅದೇ ಕಮರಿಯಲ್ಲಿ, ಆದರೆ ಬಂಡೆಯ ಮೈಗೆ ಅಂಟಿಕೊಂಡು ಹೋಗುತ್ತದೆ. ರೈಲಿಗಾಗಿ ಮಾಡಿದ ದಾರಿ ಅಲ್ಲಿಗೆ ಮುಗಿಯಿತು ಅನ್ನುವುದು ನಮ್ಮ ತಲೆಗೆ ಹೊಳೆಯಲಿಲ್ಲ. ಭಾವ ಈ ಸಲ ಬ್ಯಾಟರಿ ಸೈಕಲ್ ತಗೊಂಡರು. ಎದುರುಗಾಳಿ ಅಂತ ಮೊದಲಿನಿಂದಲೇ ಟರ್ಬೊ, ಅಂದರೆ ಮೋಟಾರಿನ ಪೂರ್ತಿ ಬಲದ ಗುಂಡಿ, ಒತ್ತಿದರು. 86 ಮೀಟರ್ ಉದ್ದದ ಹ್ಯೂಗೊ ತೂಗುಸೇತುವೆ ದಾಟಿದ್ದೇ ಶುರುವಾಯಿತು ಏರು, ತಿರುವಿನ ಮೇಲೆ ತಿರುವು. ಬ್ಯಾಟರಿ ಒಂದು ಗೆರೆಗೆ ಇಳಿಯಿತು, ಆಮೇಲೆ ಅದೂ ಇಲ್ಲ. ಇಪ್ಪತ್ತು ಕಿಲೋ ದಾಟಿದ ಸೈಕಲ್ಲನ್ನು ಇಬ್ಬರೂ ಸರದಿಯಲ್ಲಿ ತಳ್ಳಿದೆವು. ನಡುವೆ ಬಿಟ್ಟು ಹೋಗೋಣ ಅಂದರೆ ರಸ್ತೆ ಇರುವುದು ಸರೋವರದ ಆಚೆ ದಡದಲ್ಲಿ. ಎದುರಿನಿಂದ ಬಂದವರೆಲ್ಲ ಕ್ರಾಮ್‌ವೆಲ್‌ನಿಂದ ಹೊರಟವರು, ಬೆನ್ನಿಗೆ ಗಾಳಿ ಇಟ್ಟುಕೊಂಡು ಹಾಯಾಗಿದ್ದರು. ನೀವೂ ಹಾಗೇ ಮಾಡಿ: ಬೆಳಿಗ್ಗೆ ಶಟಲ್‌ನಲ್ಲಿ ಕ್ರಾಮ್‌ವೆಲ್‌ಗೆ ಹೋಗಿ, ತುಳಿಯುತ್ತ ಕ್ಲೈಡ್‌ಗೆ ವಾಪಸಾಗಿ. ಬ್ಯಾಟರಿಯನ್ನು ಏರಿಗೆ ಉಳಿಸಿ. ಬಂಡೆಯ ಮೈಯಿಂದ ನೀರಿನ ಮೇಲೆ ಚಾಚಿಕೊಂಡ ಹಲಗೆ ದಾರಿಯಲ್ಲಿ ಕೆಳಗೆ ನೋಡಿದರೆ ತಲೆ ತಿರುಗುವವರು ಇಳಿದು ನಡೆಯುವುದೇ ಲೇಸು.

ಇನ್ನೊಂದು ಆಯ್ಕೆ ಅಲೆಕ್ಸಾಂಡ್ರಾದಿಂದ ರಾಕ್ಸ್‌ಬರ್ಗ್ ಗಾರ್ಜ್ ಟ್ರೇಲ್, 2013ರಲ್ಲಿ ತೆರೆದದ್ದು. ಒಟ್ಟು 34 ಕಿ.ಮೀ.ಯಲ್ಲಿ ನಡುವಿನ ಹನ್ನೆರಡು ಹದಿಮೂರು ಕಿ.ಮೀ. ದಾರಿಯೇ ಇಲ್ಲ, ಸೈಕಲ್ ಸಮೇತ ಜೆಟ್ ದೋಣಿ ಹತ್ತಬೇಕು. ದೋಣಿಯನ್ನು ಮೊದಲೇ ಬುಕ್ ಮಾಡದೆ ಹೋದರೆ ನೀರಿನ ಮುಂದೆ ನಿಂತು ವಾಪಸ್ ತುಳಿಯಬೇಕಾಗುತ್ತದೆ. ಅಲ್ಲಿಂದ ಮುಂದೆ ಕ್ಲೂಥಾ ಗೋಲ್ಡ್ ಟ್ರೇಲ್ ಲಾರೆನ್ಸ್ ಕಡೆಗೆ 73 ಕಿ.ಮೀ. ಹೋಗುತ್ತದೆ. ನಮಗೆ ದಿನ ಉಳಿದಿರಲಿಲ್ಲ.

ಬಾಡಿಗೆ ಸೈಕಲ್ ಐದು ಗಂಟೆಗೆ ಕೊಡಬೇಕಿತ್ತು, ನಾವು ಕ್ರಾಮ್‌ವೆಲ್ ಸೇರಿದ್ದೇ ಆರಕ್ಕೆ. ವಾಪಸ್ ತರುವ ಗಡುವು, ತಡವಾದರೆ ಎಷ್ಟು, ಬೇರೆ ಊರಲ್ಲಿ ಬಿಟ್ಟರೆ ಎಷ್ಟು, ಇವನ್ನೆಲ್ಲ ದುಡ್ಡು ಕಟ್ಟುವ ಮೊದಲೇ ಕೇಳಿ ಬರೆಸಿಕೊಳ್ಳಿ. ನಾವು ಕೇಳಿರಲಿಲ್ಲ. ವ್ಯಾನಿನವನು ಬರುವ ತನಕ ಸರೋವರದ ದಂಡೆಯ ಬೆಂಚಿನ ಮೇಲೆ ಕೂತಿದ್ದೆವು. ಭಾವ ಶೂ ಬಿಚ್ಚಿ, ಕಾಲು ಚಾಚಿ, ನೀರನ್ನೇ ನೋಡುತ್ತ ಕೇಳಿದರು: ‘ಆ ಹಳಿ ಇದರ ಕೆಳಗೇ ಇರೋದು ಅಂದ್ಯಲ್ಲ, ಯಾವ ಕಡೆಗೆ?’