ಕೈ ಅಲ್ಲ, ಮೊದಲು ಎದೆ ತಿರುಗಲಿ

ಗಾಲ್ಫ್‌ನಲ್ಲಿ ಬ್ಯಾಕ್‌ಸ್ವಿಂಗ್ (ಚೆಂಡು ಹೊಡೆಯುವ ಮೊದಲು ಕ್ಲಬ್ ಅನ್ನು, ಅಂದರೆ ಹೊಡೆಯುವ ಕೋಲನ್ನು, ಹಿಂದಕ್ಕೆ ಎತ್ತುವುದು) ಅಂದ ಕೂಡಲೇ ಎಲ್ಲರ ಗಮನ ಕೈ ಮೇಲೆ, ಅಲ್ವಾ? ನಾನು ಎದೆಯಿಂದ ಶುರು ಮಾಡುತ್ತೇನೆ. ಬಲಗೈ ಆಟಗಾರರಾದರೆ ಎದೆ ಬಲಕ್ಕೆ ತಿರುಗಬೇಕು, ಕೈ ಅದರ ಜೊತೆಗೇ ಬರಬೇಕು. ಭುಜ ಸುಮಾರು 90 ಡಿಗ್ರಿ, ಸೊಂಟ ಅದರ ಅರ್ಧದಷ್ಟು.

ರೇಂಜಿನಲ್ಲಿ (ಅಭ್ಯಾಸದ ಮೈದಾನದಲ್ಲಿ) 7 ಐರನ್ ಅನ್ನುವ ಕ್ಲಬ್ ಹಿಡಿದು, ಎಡತೋಳು ನೆಲಕ್ಕೆ ಸಮಾನಾಂತರ ಆದಾಗ ಹಾಗೇ ನಿಂತು ಮಣಿಕಟ್ಟು ನೋಡುತ್ತೇನೆ. ಎಡಗೈ ಗ್ಲೌಸಿನ ಹಿಂಬದಿ, ಮುಂಗೈ ಎರಡೂ ಒಂದೇ ನೇರಕ್ಕಿರಬೇಕು. ಅಲ್ಲಿ ಸುಕ್ಕು ಜಾಸ್ತಿ ಇದ್ದರೆ ಮಣಿಕಟ್ಟು ಹಿಂದಕ್ಕೆ ಬಾಗಿದೆ ಅಂತ. ಆಗ ಕ್ಲಬ್‌ನ ಮುಖ (ಚೆಂಡಿಗೆ ತಗಲುವ ಭಾಗ) ತೆರೆದುಕೊಳ್ಳುತ್ತದೆ, ಅಂದರೆ ಗುರಿಯ ಬಲಕ್ಕೆ ತಿರುಗುತ್ತದೆ, ಚೆಂಡು ಬಲಕ್ಕೆ ಓಡುತ್ತದೆ.

ಕಾಲಿನ ವಿಷಯ ಇಷ್ಟೇ: ಭಾರ ಬಲಪಾದದ ಒಳಬದಿಯಲ್ಲಿರಲಿ. ಹೊರ ಅಂಚಿಗೆ ಹೋಯಿತು ಅಂದರೆ ಮೈ ತಿರುಗಿಲ್ಲ, ಸುಮ್ನೆ ಪಕ್ಕಕ್ಕೆ ಜಾರಿದೆ. ಭುಜ ತಿರುಗುವುದು ನಿಂತಲ್ಲೇ ಕೈಯೂ ನಿಲ್ಲಲಿ. ಇನ್ನೂ ಮೇಲಕ್ಕೆ ಎತ್ತುವುದು ಬೇಡವೇ ಬೇಡ.