ಯಾರು ಬಂದರು?

ಹುಬ್ಬಳ್ಳಿಯಲ್ಲಿ ಕೂತು ಅನುವಾದ ಮಾಡುವುದು ನನ್ನ ಹೊಟ್ಟೆಪಾಡು. ಔಷಧಿ ಚೀಟಿ, ಬ್ಯಾಂಕಿನ ನಿಯಮ, ಶಾಲೆಯ ಪಾಠ, ಬಂದದ್ದನ್ನೆಲ್ಲ ಮಾಡುತ್ತೇನೆ. ಹೊಸತರಲ್ಲಿ ಮಕ್ಕಳ ಭೂಗೋಳದ ಪಾಠವೊಂದು ಬಂತು. ಹಾರ್ಬರ್ ಎಲ್ಲವೂ ಪೋರ್ಟ್ ಅಲ್ಲ ಅನ್ನುವ ಅರ್ಥದ ಒಂದು ಸಾಲು ಅದರಲ್ಲಿತ್ತು. ನನಗೆ ಎರಡಕ್ಕೂ ಗೊತ್ತಿದ್ದದ್ದು ಒಂದೇ ಪದ. ಸುಮ್ನೆ ‘ಎಲ್ಲ ಬಂದರುಗಳೂ ಬಂದರುಗಳಲ್ಲ’ ಅಂತ ಬರೆದು ಕಳಿಸಿಬಿಟ್ಟೆ.

ಕರಡು ತಿದ್ದುತ್ತಿದ್ದವರು ಧಾರವಾಡದ ನಿವೃತ್ತ ಮಾಸ್ತರರು. ಸಾಲಿನ ಸುತ್ತ ಕೆಂಪು ಗೆರೆ, ಪಕ್ಕದಲ್ಲಿ ‘ಯಾರು ಬಂದರು?’ ಅಂತ ಪ್ರಶ್ನೆ. ಫೋನ್ ಮಾಡಿದೆ.

“ಮಳಿ ಬಂದಾಗ ಬೈಕಿನ ಮಂದಿ ಬ್ರಿಡ್ಜ್ ಕೆಳಗ ನಿಲ್ತಾರಲ್ಲೋ ತಮ್ಮಾ, ಹಂಗಂತ ಅದು ಬಸ್ ಸ್ಟ್ಯಾಂಡ್ ಆಗ್ತೈತೇನು?”

ಅಷ್ಟೇ ಹೇಳಿ ಇಟ್ಟರು.

ಆಮೇಲೆ ಕೂತು ಓದಿದೆ. ಹಾರ್ಬರ್ ಅನ್ನುವ ಪದ ಹುಟ್ಟಿದಾಗ ಅದರಲ್ಲಿ ಹಡಗೇ ಇರಲಿಲ್ಲ! ಹಳೆಯ ಇಂಗ್ಲಿಷಿನಲ್ಲಿ ಅದು ದಂಡಿಗೆ ತಂಗಲು ಸಿಗುವ ಆಸರೆ. ದಾರಿಹೋಕರ ಬಿಡಾರಕ್ಕೂ ಅದೇ ಪದ. ಹಡಗಿನ ಆಸರೆಗೆ ಅಂಟಿಕೊಂಡದ್ದು ನಂತರ. ಪೋರ್ಟ್ ಅಂದರೆ ಸರಕು ಇಳಿಸುವ, ಏರಿಸುವ, ಸುಂಕ ಕಟ್ಟಿಸಿಕೊಳ್ಳುವ ಜಾಗ. ನಮ್ಮ ‘ಬಂದರು’ ಪಾರಸಿಯಿಂದ ಬಂದದ್ದು, ಎರಡನ್ನೂ ಒಂದೇ ಚೀಲಕ್ಕೆ ತುಂಬಿಕೊಂಡಿದೆ. (ಆಂಧ್ರದ ಮಚಲೀಪಟ್ಟಣಕ್ಕೆ ಅಲ್ಲಿನವರು ಬಂದರು ಅಂತಲೇ ಅನ್ನುತ್ತಾರೆ. ಬಂದರು ಲಡ್ಡು ತಿಂದವರಿಗೆ ಗೊತ್ತು.)

ಓದಿದ್ದು ಅರ್ಧ ತಿಳಿಯಿತು. ಉಳಿದರ್ಧ ತಿಳಿದದ್ದು ಕಾರವಾರಕ್ಕೆ ಹೋದಾಗ. ಒಂದು ಕಾಲಕ್ಕೆ ನಮ್ಮ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಅಲ್ಲಿಗೂ ಹೋಗುತ್ತಿತ್ತು. ಅಲ್ಲಿನ ಬಂದರು ಇರುವ ಬೈತಖೋಲದಲ್ಲಿ ಒಂದು ಕಡೆ ಗುಡ್ಡ, ಸಮುದ್ರದಲ್ಲಿ ಅಲ್ಲಲ್ಲಿ ನಡುಗಡ್ಡೆಗಳು. ದೊಡ್ಡ ಅಲೆ ಅವಕ್ಕೆ ಬಡಿದೇ ಒಳಗೆ ಬರಬೇಕು, ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಅದಕ್ಕೇ ಸಮುದ್ರ ಕೆಟ್ಟಾಗ ಗೋವಾ, ಕೇರಳದ ಮೀನುಗಾರರ ಬೋಟುಗಳೂ ಅಲ್ಲಿಗೆ ಓಡಿಬರುತ್ತವೆ. ಅವು ಮೀನು ಮಾರಲು ಬಂದವಲ್ಲ, ಜೀವ ಉಳಿಸಿಕೊಳ್ಳಲು ಬಂದವು.

ಚೆನ್ನೈ ಇದಕ್ಕೆ ಉಲ್ಟಾ. ಅಲ್ಲಿ ವ್ಯಾಪಾರ ಮೊದಲು ಬಂತು, ಆಸರೆ ಆಮೇಲೆ. ಹಡಗು ದೂರದಲ್ಲೇ ಲಂಗರು ಹಾಕುತ್ತಿತ್ತು, ಸರಕು ದೋಣಿಯಲ್ಲಿ ಅಲೆ ದಾಟಿ ದಡಕ್ಕೆ ಬರುತ್ತಿತ್ತು. ಕಲ್ಲಿನ ಅಲೆತಡೆ ಗೋಡೆ ಕಟ್ಟಿದ ಮೇಲೇ ಹಡಗಿಗೆ ನೆಮ್ಮದಿ. ನಮ್ಮ ಮಂಗಳೂರಿನ ಪಣಂಬೂರಿನಲ್ಲೂ ಅಷ್ಟೇ, ನೆಲ ತೋಡಿ, ಎರಡು ಅಲೆತಡೆ ಕಟ್ಟಿ ಮಾಡಿದ ಬಂದರು ಅದು. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು.

ಕೊನೆಗೆ ನಾನು ಬರೆದ ಸಾಲು: ‘ಹಡಗುಗಳಿಗೆ ಆಸರೆಯಾಗಿ ಸಿಗುವ ಜಾಗದಲ್ಲೆಲ್ಲ ಬಂದರು ಇರುವುದಿಲ್ಲ.’ ಮಾಸ್ತರರು ಈ ಸಲ ‘ಆಸರೆಯಾಗಿ’ ಅನ್ನುವುದರ ಬಾಲ ಕತ್ತರಿಸಿ, ‘ಜಾಗದಲ್ಲೆಲ್ಲ’ ಹೊಡೆದು ‘ಕಡೆಯೆಲ್ಲ’ ಅಂತ ಮಾಡಿದರು. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲೇ: “ಈಗ ಬಂದಿ ನೋಡು.”