ರೂಟರ್ ಮೇಲೆ ದರ್ಭೆ

2025ರ ಸೆಪ್ಟೆಂಬರ್ 7, ಭಾನುವಾರ. ರಾತ್ರಿ ಚಂದ್ರಗ್ರಹಣ ಇತ್ತು, ಅದ್ಕೆ ಅಮ್ಮ ಬೆಳಗ್ಗೆಯಿಂದ್ಲೇ ದರ್ಭೆ ಎಲ್ಲಿಟ್ಟೆ ಅಂತ ಡಬ್ಬಗಳನ್ನೆಲ್ಲ ತಡಕ್ತಾ ಇದ್ಲು. ನಾನು ಹಾಲಲ್ಲಿ ಕೂತ್ಕೊಂಡು ಒಂದು ಫೈಲು ಯಾಕೆ ಇಳೀತಾ ಇಲ್ಲ ಅಂತ ತಲೆ ಕೆಡಿಸ್ಕೊಂಡಿದ್ದೆ. ಅಕ್ಕನ ಮಗ ಹಿಂದಿನ ದಿನ ಅವನ ಹಳೇ ಲ್ಯಾಪ್‌ಟಾಪ್ ತಂದಿಟ್ಟು ಹೋಗಿದ್ದ, ಅಕ್ಟೋಬರ್ 14ಕ್ಕೆ ವಿಂಡೋಸ್ 10ಗೆ ಅಪ್‌ಡೇಟ್ ನಿಂತೋಗುತ್ತೆ ಮಾವ, ಇದು 11 ತಗೊಳ್ಳಲ್ಲ ಅಂತಿದೆ, ವಿಂಡೋಸ್ ಬದ್ಲು ಲಿನಕ್ಸ್ ಹಾಕ್ಕೊಡು ಅಂತ. ಲಿನಕ್ಸ್ ಮಿಂಟ್ ಫೈಲು ಸುಮಾರು 3 ಜಿಬಿ. ನಮ್ದು 100 ಎಂಬಿಪಿಎಸ್ ಪ್ಲಾನು. ಕಾಫಿ ಮುಗಿಯೋಷ್ಟರಲ್ಲಿ ಆಗೋಗುತ್ತೆ ಅಂದ್ಕೊಂಡು ಕೂತ್ರೆ ಬ್ರೌಸರಲ್ಲಿ 3 ಗಂಟೆ 20 ನಿಮಿಷ ಬಾಕಿ ಅಂತ ತೋರಿಸ್ತಿದೆ. ಸೆಕೆಂಡಿಗೆ 250 ಕೆಬಿ.

ಇಲ್ಲೊಂದು ಲೆಕ್ಕ ಹೇಳ್ಬಿಡ್ತೀನಿ, ಯಾಕಂದ್ರೆ ಇದ್ರಲ್ಲೇ ಅರ್ಧ ಜಗಳ ಹುಟ್ಟೋದು. ಪ್ಲಾನಲ್ಲಿ 100 ಅಂತ ಕೊಡೋದು ಬಿಟ್ ಲೆಕ್ಕ, ಬ್ರೌಸರ್ ತೋರ್ಸೋದು ಬೈಟ್ ಲೆಕ್ಕ, 8 ಬಿಟ್ ಸೇರಿದ್ರೆ 1 ಬೈಟು. ಹಂಗಾಗಿ 100ರ ಪ್ಲಾನಲ್ಲಿ ಡೌನ್‌ಲೋಡ್ ಸೆಕೆಂಡಿಗೆ 11-12 ಎಂಬಿ ಬಂದ್ರೆ ಅದು ಪೂರ್ತಿ ಬಂದಂಗೆ. ನಮ್ಮ ಬೀದಿಯಲ್ಲಿ ಒಬ್ರು ನೂರು ಅಂದು ಹನ್ನೆರಡು ಕೊಡ್ತಾವ್ರೆ ಕಳ್ರು ಅಂತ ಕೇಬಲ್‌ನೋರ ಮೇಲೆ ಕೂಗಾಡ್ತಿರ್ತಾರೆ, ಪಾಪ ಆ ವಿಷ್ಯದಲ್ಲಿ ಅವ್ರ ತಪ್ಪಿಲ್ಲ. ಆದ್ರೆ ನಂಗೆ ಬರ್ತಿದ್ದಿದ್ದು 12 ಅಲ್ಲ, ಕಾಲು ಎಂಬಿ.

ಮೊದ್ಲು ಎಲ್ರೂ ಮಾಡೋದನ್ನೇ ಮಾಡ್ದೆ, ರೂಟರ್ ಆಫ್ ಮಾಡಿ ಆನ್ ಮಾಡ್ದೆ. ಏನೂ ಆಗ್ಲಿಲ್ಲ. ಆಮೇಲೆ ಕೇಬಲ್‌ನೋರಿಗೆ ಫೋನ್ ಮಾಡಿ ಬೈಯೋದು ನನ್ನ ಎರಡ್ನೇ ಅಭ್ಯಾಸ, ಅದನ್ನೂ ಮಾಡ್ದೆ, ಅವ್ರು ಎತ್ಲಿಲ್ಲ. ಬೇರೆ ದಾರಿ ಇಲ್ದೆ ಸರಿ ನಾನೇ ನೋಡ್ತೀನಿ ಅಂತ ಕೂತೆ.

ನಾನು ನೋಡೋ ಕ್ರಮ ಏನಂದ್ರೆ ನಲ್ಲಿ ನೀರು ಬರ್ದಿದ್ರೆ ನೋಡ್ತೀವಲ್ಲ ಹಂಗೇ. ಮನೆ ನಲ್ಲಿ, ಆಮೇಲೆ ಟ್ಯಾಂಕು, ಆಮೇಲೆ ಬೀದಿ ಪೈಪು, ಆಮೇಲೆ ಕೆರೆ. ಹೇಮಾವತಿ ಕಡೆಯಿಂದ್ಲೇ ನೀರು ಬಂದಿಲ್ಲ ಅಂದ್ರೆ ನಲ್ಲಿ ವಾಷರ್ ಬದಲಾಯಿಸಿ ಏನ್ ಪ್ರಯೋಜನ. ಹಂಗಂತ ವಾಷರ್ ಹೋಗಿರೋದಕ್ಕೆ ಹೇಮಾವತಿಗೆ ಬೈಯೋದೂ ತಪ್ಪೇ.

ಕಮಾಂಡ್ ಪ್ರಾಂಪ್ಟ್ ತೆಗ್ದು ಮೊದ್ಲು ನಮ್ಮ ರೂಟರಿಗೇ ಪಿಂಗ್ ಹಾಕ್ದೆ, 192.168.1.1ಕ್ಕೆ. ಪಿಂಗ್ ಅಂದ್ರೆ ಇದೀಯಾ ಅಂತ ಸಣ್ಣ ಸಂದೇಶ ಕಳ್ಸಿ, ಉತ್ತರ ಎಷ್ಟೊತ್ತಿಗೆ ಬರುತ್ತೆ ಅಂತ ನೋಡೋದು. ಅದು ನಮ್ಮನೆ ಒಳಗೇ ಇರೋದು, 2-3 ಮಿಲಿಸೆಕೆಂಡಲ್ಲಿ ಉತ್ತರ ಬರ್ಬೇಕು. ಒಂದ್ಸಲ 4, ಒಂದ್ಸಲ 210, ಒಂದ್ಸಲ ಉತ್ತರಾನೇ ಇಲ್ಲ. ಎದ್ದು ಹೋಗಿ ನೋಡಿದ್ರೆ ರೂಟರ್ ಅದ್ರ ಜಾಗದಲ್ಲಿ ಇಲ್ಲ! ಹಬ್ಬಕ್ಕೆ ಮನೆ ಕ್ಲೀನ್ ಮಾಡುವಾಗ ಅಮ್ಮ ಅದನ್ನ ಕಬ್ಬಿಣದ ಬೀರು ಹಿಂದೆ ಇಟ್ಟುಬಿಟ್ಟಿದಾಳೆ, ರಾತ್ರಿ ಹೊತ್ತು ಅದ್ರ ಲೈಟು ಮಿಣಮಿಣ ಅಂತ ನಿದ್ದೆ ಬರಲ್ವಂತೆ. ಕಬ್ಬಿಣದ ಬೀರು ಅಂದ್ರೆ ವೈಫೈಗೆ ಕೋಟೆ ಗೋಡೆ ಇದ್ದಂಗೆ. ಮೇಲಾಗಿ ಲ್ಯಾಪ್‌ಟಾಪ್ 2.4 ಗಿಗಾಹರ್ಟ್ಸ್‌ಗೆ ಅಂಟ್ಕೊಂಡಿತ್ತು, ಅದು ದೂರ ಹೋಗುತ್ತೆ ನಿಜ, ಆದ್ರೆ ಅಕ್ಕಪಕ್ಕದ ಹತ್ತು ಮನೆ ವೈಫೈಗಳೂ ಅಲ್ಲೇ ಇರ್ತವೆ, ಇರೋ ಚಾನೆಲ್ಲುಗಳಲ್ಲಿ ಒಂದ್ರ ಮೇಲೆ ಒಂದು ಬೀಳ್ದಂಗೆ ಸಿಗೋದು 1, 6, 11 ಮೂರೇ. ಮಾತಾಡೋದಕ್ಕಿಂತ ಸುಮ್ನೆ ಲ್ಯಾನ್ ವೈರ್ ಚುಚ್ಚಿ ನೋಡ್ಬಿಡೋದು ಒಳ್ಳೇದು. ಚುಚ್ಚಿದೆ. ರೂಟರಿಗೆ ಪಿಂಗ್ 1 ಮಿಲಿಸೆಕೆಂಡು, ಅಲ್ಲಾಡಲ್ಲ. ಗೆದ್ದೆ ಅಂದ್ಕೊಂಡು ಡೌನ್‌ಲೋಡ್ ಶುರು ಮಾಡಿದ್ರೆ, 260 ಕೆಬಿ.

ಇಲ್ಲೇ ನಾನು ಎಡವಿದ್ದು. ಫಲ ಕಾಣ್ಲಿಲ್ಲ ಅಂತ ಓಹ್ ವೈಫೈ ಕಾರಣ ಅಲ್ಲ ಅಂತ ತೀರ್ಮಾನ ಮಾಡಿ ರೂಟರನ್ನ ವಾಪಸ್ ಬೀರು ಹಿಂದೇನೇ ಇಟ್ಟು ಬಂದೆ. ವೈಫೈದೂ ತೊಂದ್ರೆ ಇತ್ತು, ಅದ್ರ ಮೇಲೆ ಇನ್ನೊಂದಿತ್ತು, ಅದ್ರ ಮೇಲೆ ಮತ್ತೊಂದಿತ್ತು ಅಂತ ಹೊಳೀಲೇ ಇಲ್ಲ. ಒಂದು ಮುಳ್ಳು ಕಿತ್ರೆ ನೋವು ಹೋಗ್ಲಿಲ್ಲ ಅಂದ್ರೆ ಅದು ಮುಳ್ಳೇ ಅಲ್ಲ ಅಂತೀವಾ, ಕಾಲಲ್ಲಿ ಮೂರು ಮುಳ್ಳಿದ್ರೆ?

ಮುಂದೆ 1.1.1.1ಕ್ಕೆ ನೂರು ಪಿಂಗ್ ಹಾಕ್ದೆ, ಅದು ಹೊರಗಿನ ಜಗತ್ತು. ನೂರ್ರಲ್ಲಿ 9 ಕಳ್ದೋಯ್ತು. ಒಂಬತ್ತೇನು ಮಹಾ ಅನ್ಬೇಡಿ. ಮನೆ ಕಟ್ಟೋ ಕಡೆ ಕೆಳಗಿನಿಂದ ಒಬ್ಬ ಇಟ್ಟಿಗೆ ಎಸೀತಾನೆ, ಸಾರವೆ ಮೇಲೆ ನಿಂತೋನು ಹಿಡೀತಾನೆ, ನೋಡಿರ್ತೀರ. ಹಿಡೀತಾ ಇರೋವರ್ಗೂ ಎಸೆಯೋನು ಜೋರು ಮಾಡ್ತಾ ಹೋಗ್ತಾನೆ, ಒಂದು ಕೈತಪ್ಪಿ ಬಿತ್ತು ಅಂದ್ರೆ ತಕ್ಷಣ ನಿಧಾನ ಮಾಡ್ತಾನೆ. ಇಂಟರ್ನೆಟ್ಟಲ್ಲಿ ಫೈಲು ಕಳ್ಸೋ ಟಿಸಿಪಿ ಕೆಲ್ಸ ಮಾಡೋದೂ ಹಿಂಗೇ, ಫೈಲಿನ ಒಂದು ಸಣ್ಣ ತುಂಡು, ಅಂದ್ರೆ ಪ್ಯಾಕೆಟ್, ಕಳ್ದೋದ್ರೆ ದಾರಿಯಲ್ಲಿ ಜಾಮ್ ಇದೆ ಅಂದ್ಕೊಂಡು ವೇಗ ಇಳಿಸ್ಕೊಳ್ಳುತ್ತೆ, ಮತ್ತೆ ಮೆಲ್ಲಗೆ ಏರಿಸುತ್ತೆ, ಅಷ್ಟರಲ್ಲಿ ಇನ್ನೊಂದು ಬೀಳುತ್ತೆ. ಅದ್ಕೇ ನೂರಕ್ಕೆ ಒಂಬತ್ತು ಹೋದ್ರೆ ವೇಗ ನೂರಕ್ಕೆ ಒಂಬತ್ತು ಇಳಿಯಲ್ಲ, ನೆಲಕ್ಕೇ ಇಳಿಯುತ್ತೆ.

ರೂಟರ್ ಪೇಜಿಗೆ ಲಾಗಿನ್ ಆಗಿ ಆಪ್ಟಿಕಲ್ ಪವರ್ ನೋಡ್ದೆ. ಮೈನಸ್ 28.6 ಡಿಬಿಎಂ. ಫೈಬರ್ ಕನೆಕ್ಷನ್ ಇರೋರೆಲ್ಲ ಇದೊಂದು ನಂಬರ್ ನೋಡೋದು ಕಲ್ತ್ಕೊಳ್ಳಿ. ನಮ್ಮ ಬಾಕ್ಸಿಗೆ ಬರೋ ಬೆಳಕು ಎಷ್ಟಿದೆ ಅನ್ನೋ ಲೆಕ್ಕ ಅದು, ಮೈನಸ್ 20ರ ಆಸುಪಾಸು ಇದ್ರೆ ಚೆನ್ನಾಗಿದೆ, 27 ದಾಟಿದ್ರೆ ಬಾಕ್ಸು ಓದೋಕೇ ಒದ್ದಾಡುತ್ತೆ. ಪ್ರತಿ 3 ಇಳಿದ್ರೂ ಬೆಳಕು ಅರ್ಧಕ್ಕರ್ಧ ಕಮ್ಮಿ. ಫೈಬರ್ ತುಂಡಾದ್ರೆ ಕೆಂಪು ಲೈಟು ಹೊಡ್ಕೊಳ್ಳುತ್ತೆ, ಯಾರಿಗಾದ್ರೂ ಗೊತ್ತಾಗುತ್ತೆ. ಬಗ್ಗಿದ್ರೆ ಕೆಂಪು ಲೈಟು ಬರಲ್ಲ, ಎಲ್ಲ ಹಸಿರೇ ಇರುತ್ತೆ, ನೆಟ್ಟು ಮಾತ್ರ ಕುಂಟುತ್ತೆ. ಪೂರ್ತಿ ಸತ್ತಿರೋದೇ ವಾಸಿ, ಈ ಅರ್ಧ ಜೀವದ್ದೇ ಕಷ್ಟ.

ಬೀದಿ ವಾಟ್ಸಾಪ್ ಗ್ರೂಪಲ್ಲಿ ಕೇಳ್ದೆ, ಯಾರ್ಯಾರ್ದು ನೆಟ್ ಸ್ಲೋ ಅಂತ. ನಮ್ಮ ಸಾಲಲ್ಲಿ ನಾಲ್ಕು ಮನೆ ಕೈ ಎತ್ತಿದ್ವು, ಎದುರು ಸಾಲಿನೋರದ್ದು ಚೆನ್ನಾಗಿದೆ. ಆಗ ಹೊಳೀತು. ಹಿಂದಿನ ಸಂಜೆ ಬೀದಿ ಗಣಪತಿ ಬಿಟ್ರಲ್ಲ! ತುಮಕೂರಿನ ಬಟವಾಡಿ ಕಡೆ ನಮ್ಮ ಬೀದಿ ಕಿರಿದು, ಗಣಪತಿ ಎತ್ತರ, ಟ್ರ್ಯಾಕ್ಟರ್ ಮೇಲೆ ಕೂರಿಸಿದ್ರೆ ಕಂಬದಿಂದ ಕಂಬಕ್ಕೆ ಇರೋ ವೈರೆಲ್ಲ ಕಿರೀಟಕ್ಕೆ ತಗಲುತ್ತೆ. ಅದ್ಕೆ ಇಬ್ರು ಹುಡುಗ್ರು ಬೊಂಬು ಹಿಡ್ಕೊಂಡು ಮುಂದೆ ಮುಂದೆ ವೈರ್ ಎತ್ತಿಕೊಂಡು ಹೋಗ್ತಾರೆ, ತಮಟೆ ಸದ್ದಿಗೆ ಅವ್ರೂ ಕುಣೀತಿರ್ತಾರೆ, ವೈರೂ ಕುಣೀತಿರುತ್ತೆ. ನಾನೇ ಪಕ್ಕದಲ್ಲಿ ನಿಂತು ಎತ್ರೋ ಎತ್ರೋ ಅಂತ ಕೂಗಿದ್ದೆ.

ಲೈನ್ ಹುಡುಗ ಕೊನೆಗೂ ಫೋನ್ ಎತ್ದ. "ಸಾರ್ ಅರ್ಧ ಊರು ಹಿಂಗೇ ಇದೆ, ನಿನ್ನೆ ಎಲ್ಲಾ ಕಡೆ ಗಣಪತಿ ಬಿಟ್ಟವ್ರೆ, ಬೆಳಗ್ಗೆಯಿಂದ ಏಣಿ ಇಳಿದಿಲ್ಲ ನಾನು" ಅಂದ. ಬೈಯೋ ಮೂಡು ಅಲ್ಲೇ ಇಳ್ದೋಯ್ತು. ಸರಿ ಕಣಪ್ಪ, ಪವರ್ ಮೈನಸ್ 28 ತೋರಿಸ್ತಿದೆ, ನಮ್ಮ ಸಾಲಲ್ಲಿ ನಾಲ್ಕು ಮನೇದು ಹಂಗೇ ಅಂತಷ್ಟೇ ಹೇಳ್ದೆ. "ನಾಲ್ಕಾ? ಹಂಗಾರೆ ಸ್ಪ್ಲಿಟರ್ ಹತ್ರ ಇರ್ಬೇಕು ಬುಡಿ, ನಿಮ್ಮನೆ ಒಳಗೆ ಬರೋದ್ ಬ್ಯಾಡ" ಅಂದ. ಸ್ಪ್ಲಿಟರ್ ಅಂದ್ರೆ ಒಂದು ಫೈಬರಲ್ಲಿ ಬಂದ ಬೆಳಕನ್ನ ಹತ್ತಾರು ಮನೆಗೆ ಹಂಚೋ ಸಣ್ಣ ಡಬ್ಬಿ, ಅದ್ಕೆ ಕರೆಂಟೂ ಬೇಡ. ಸಂಜೆ ನಾಲ್ಕಕ್ಕೆ ಬಂದು ಏಣಿ ಹತ್ತಿ ನೋಡಿದ್ರೆ, ಬೊಂಬಿಗೆ ಸಿಕ್ಕಿ ಜೋತಾಡ್ತಿದ್ದ ಫೈಬರನ್ನ ಯಾರೋ ಪುಣ್ಯಾತ್ಮ ಒಳ್ಳೇ ಮನಸಿಂದ ಮಡಚಿ ಬೈಂಡಿಂಗ್ ವೈರಲ್ಲಿ ಕಂಬಕ್ಕೆ ಬಿಗಿಯಾಗಿ ಕಟ್ಟಿದಾರೆ, ಹೂವಿನ ಹಾರ ಕಟ್ದಂಗೆ. ಬಿಚ್ಚಿ ಅಗಲವಾಗಿ ಸುತ್ತಿ ಬಿಟ್ಟ. ಮೈನಸ್ 19.8. ಪಿಂಗಲ್ಲಿ ನೂರಕ್ಕೆ ನೂರು ವಾಪಸ್. ಸ್ಪೀಡ್ ಟೆಸ್ಟಲ್ಲಿ 94. ಅವ್ನಿಗೆ ಕಾಫಿ ಕೊಟ್ವಿ, ಅವ್ನು ಮುಂದಿನ ಬೀದಿಗೆ ಹೋದ.

ಬಂದು ಡೌನ್‌ಲೋಡ್ ಒತ್ತಿದೆ. 310 ಕೆಬಿ.

ನಿಜ ಹೇಳ್ತೀನಿ, ಲ್ಯಾಪ್‌ಟಾಪ್ ಎತ್ತಿ ಎಸೆಯೋಣ ಅನ್ಸಿತ್ತು. ಸ್ಪೀಡ್ ಟೆಸ್ಟ್ 94 ಅಂತಿದೆ, ಯೂಟ್ಯೂಬ್ ಝಗಝಗ ಓಡ್ತಿದೆ, ಇದೊಂದು ಫೈಲು ಮಾತ್ರ ತೆವಳ್ತಿದೆ. ಒಂದು ಸಿಗರೇಟಿನಷ್ಟು ಹೊತ್ತು (ಬಿಟ್ಟು ಆರು ವರ್ಷ ಆಯ್ತು, ಲೆಕ್ಕ ಮಾತ್ರ ಹಂಗೇ ಉಳ್ಕೊಂಡಿದೆ) ಹೊರಗೆ ನಿಂತಿದ್ದು ಬಂದ್ಮೇಲೆ ತಲೆಗೆ ಹೋಯ್ತು, ಸ್ಪೀಡ್ ಟೆಸ್ಟ್ ಮಾಡೋದು ಬೆಂಗಳೂರಿನ ಸರ್ವರ್ ಜೊತೆ, ಇಲ್ಲಿಂದ 70 ಕಿಲೋಮೀಟರು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೊರಟ್ರೂ ಎರಡು ಗಂಟೆ ಒಳಗೆ ಮುಟ್ಟೋ ಜಾಗ. ಯೂಟ್ಯೂಬ್ ವಿಡಿಯೋಗಳೂ ಹತ್ತಿರದ ಸರ್ವರಲ್ಲೇ ಇಟ್ಟಿರ್ತಾರೆ. ನಾನು ಫೈಲಿಗೆ ಆರಿಸಿದ್ದು ಯೂರೋಪಿನ ಒಂದು ಮಿರರ್, ಅಂದ್ರೆ ಅದೇ ಫೈಲಿನ ನಕಲು ಇಟ್ಟಿರೋ ಇನ್ನೊಂದು ಸರ್ವರ್. ಪ್ಯಾಕೆಟ್ ಯಾವ ದಾರಿಯಲ್ಲಿ ಹೋಗುತ್ತೆ ಅಂತ ತೋರ್ಸೋ ಟ್ರೇಸ್‌ರೂಟ್ ಹಾಕಿದ್ರೆ ಬಾಂಬೆ ತನಕ ಸಲೀಸು, ಅಲ್ಲಿಂದಾಚೆ ಒಂದೇ ನೆಗೆತಕ್ಕೆ 380 ಮಿಲಿಸೆಕೆಂಡು. ಮಾಮೂಲಿಗೆ ಯೂರೋಪ್ ಅಂದ್ರೆ ಅದ್ರಲ್ಲಿ ಅರ್ಧಾನೂ ಆಗಲ್ಲ.

ನ್ಯೂಸ್ ನೋಡಿದ್ರೆ ಅಲ್ಲಿತ್ತು ಉತ್ತರ. ಸೆಪ್ಟೆಂಬರ್ 6ರಂದು, ಅಂದ್ರೆ ನಾವು ಇಲ್ಲಿ ಗಣಪತಿ ಬಿಟ್ಟ ದಿನವೇ, ಕೆಂಪು ಸಮುದ್ರದಲ್ಲಿ ಜೆದ್ದಾ ಹತ್ರ ಸಮುದ್ರದ ತಳದ ಕೇಬಲ್‌ಗಳು ತುಂಡಾಗಿವೆ, ಎಸ್‌ಎಂಡಬ್ಲ್ಯೂ4 ಮತ್ತೆ ಐಎಂಇಡಬ್ಲ್ಯೂಇ ಅನ್ನೋವು, ಇಂಡಿಯಾ ಪಾಕಿಸ್ತಾನ ಎರಡು ಕಡೆನೂ ನೆಟ್ ನಿಧಾನ. ಆ ದಾರಿ ಮುಚ್ಚಿದ್ಮೇಲೆ ಪ್ಯಾಕೆಟ್‌ಗಳು ಸುತ್ತು ಬಳಸಿ ಹೋಗ್ಬೇಕು, ಆ ಸುತ್ತು ದಾರಿಯಲ್ಲೂ ಎಲ್ರೂ ನುಗ್ಗಿರ್ತಾರೆ. 2008ರ ಜನವರಿ ಕೊನೇಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ರ ಹಿಂಗೇ ಆಗಿತ್ತು, ಆಗ ನಾನು ಬೆಂಗಳೂರಲ್ಲಿ ಕಾಲ್ ಸೆಂಟರಲ್ಲಿದ್ದೆ, ಅವತ್ತೆಲ್ಲ ಹೆಡ್‌ಸೆಟ್ ಕತ್ತಿಗೆ ಹಾಕ್ಕೊಂಡು ಸುಮ್ನೆ ಕೂತಿದ್ವಿ, ಸಂಬಳ ಕೊಟ್ರು ಅನ್ನೋದೇ ನೆನಪು. ಇಷ್ಟು ವರ್ಷ ಆದ್ರೂ ದಾರಿ ಅದೇ ಇಕ್ಕಟ್ಟು.

ಇದಕ್ಕೆ ಡಿಎನ್‌ಎಸ್ 8.8.8.8 ಹಾಕಿ ಸ್ಪೀಡ್ ಡಬಲ್ ಆಗುತ್ತೆ ಅಂತ ರೀಲ್ಸ್ ಮಾಡೋರಿದಾರಲ್ಲ, ನಂಬ್ಬೇಡಿ. ಡಿಎನ್‌ಎಸ್ ಅಂದ್ರೆ ವಿಳಾಸ ಹೇಳೋ ಕೆಲ್ಸ ಅಷ್ಟೇ. ಸೈಟು ಓಪನ್ನೇ ಆಗ್ತಿಲ್ಲ, ಪಿಂಗ್ ಮಾತ್ರ ಹೋಗ್ತಿದೆ ಅಂದ್ರೆ ಬದಲಾಯಿಸಿ ನೋಡಿ. ಸಮುದ್ರದ ಕೇಬಲ್ ಅದ್ರಿಂದ ಅಂಟಲ್ಲ.

ನಾನು ಮಾಡ್ಬೇಕಾಗಿದ್ದಿದ್ದು ತುಂಬ ಸಣ್ಣದು. ಮಿರರ್ ಲಿಸ್ಟಲ್ಲಿ ಕೆಳಗೆ ಇಳಿದು ಇಂಡಿಯಾದು ಒತ್ತಿದೆ. ಲ್ಯಾನ್ ವೈರಲ್ಲಿ ಸೆಕೆಂಡಿಗೆ 11 ಎಂಬಿ, ಐದು ನಿಮಿಷದೊಳಗೆ ಫೈಲು ಬಂತು. ಬೆಳಗ್ಗೆನೇ ಇದನ್ನ ಒತ್ತಿದ್ರೂ ಬರ್ತಿರ್ಲಿಲ್ಲ ಅನ್ನೋದು ಸಮಾಧಾನ, ಬೀದಿ ಫೈಬರ್ ಬಗ್ಗಿತ್ತಲ್ಲ. ಇಳಿದ ಫೈಲಿನ ಚೆಕ್‌ಸಮ್ (ಫೈಲು ಕೆಟ್ಟಿಲ್ಲ ಅಂತ ನೋಡೋ ಗುರುತಿನ ಸಂಖ್ಯೆ) ಸೈಟಲ್ಲಿ ಕೊಟ್ಟಿರೋದ್ರ ಜೊತೆ ತಾಳೆ ಮಾಡ್ದೆ, ಸರಿ ಇತ್ತು. ರೂಟರನ್ನ ಬೀರು ಹಿಂದಿನಿಂದ ತಂದು ಹಾಲಲ್ಲಿ ಶೋಕೇಸ್ ಮೇಲಿಟ್ಟು, ಲೈಟಿಗೆ ಕರಿ ಟೇಪ್ ಅಂಟಿಸ್ದೆ, ಅಮ್ಮಂದೂ ನಂದೂ ರಾಜಿ.

ರಾತ್ರಿ ಎಂಟಕ್ಕೆಲ್ಲ ಊಟ ಮುಗ್ಸಿ, ಹತ್ತು ಗಂಟೆ ಹೊತ್ತಿಗೆ ಚಂದ್ರನಿಗೆ ಹಿಡಿಯೋಕೆ ಶುರುವಾಯ್ತು. ಉಪ್ಪಿನಕಾಯಿ ಜಾಡಿ, ಹಾಲಿನ ಪಾತ್ರೆ, ನೀರಿನ ಫಿಲ್ಟರ್ ಎಲ್ಲಾದ್ರ ಮೇಲೂ ದರ್ಭೆ ಬಿದ್ದಿತ್ತು. ಹಾಲಿಗೆ ಬಂದ್ರೆ ರೂಟರ್ ಮೇಲೂ ಎರಡು ಕಡ್ಡಿ. ಇದ್ಯಾಕಮ್ಮ ಅಂದೆ. "ಬೆಳಗ್ಗೆಯಿಂದ ಒದ್ದಾಡ್ತಿದ್ಯಲ್ಲೋ, ಇರ್ಲಿ ಬಿಡು" ಅಂದ್ಲು.

ಸೋಮವಾರ ಪಕ್ಕದ್ಮನೆ ರಿಟೈರ್ಡ್ ಮೇಷ್ಟ್ರು ಬಂದ್ರು, ನಿಮ್ದೆಲ್ಲ ಸರಿಹೋಯ್ತಂತೆ, ನಮ್ದು ಇನ್ನೂ ಹಂಗೇ ಇದೆಯಪ್ಪ, ಒಂಚೂರು ನೋಡು ಅಂತ. ಹೋಗಿ ಪವರ್ ನೋಡ್ದೆ, ಚೆನ್ನಾಗಿದೆ. ಪಿಂಗ್ ಚೆನ್ನಾಗಿದೆ. ವೈಫೈ ಚೆನ್ನಾಗಿದೆ. ಸ್ಪೀಡ್ ಟೆಸ್ಟ್ ಸರಿಯಾಗಿ 2, ಮೇಲೂ ಹೋಗಲ್ಲ ಕೆಳಗೂ ಬರಲ್ಲ, ಗೆರೆ ಎಳ್ದಂಗೆ. ಕೆಟ್ಟಿರೋ ಲೈನು ಇಷ್ಟು ನಿಯತ್ತಾಗಿ ಇರಲ್ಲ, ಏರುಪೇರು ಇದ್ದೇ ಇರುತ್ತೆ, ಇದು ಕೇಬಲ್‌ನೋರೇ ಬೇಕಂತ ಕಟ್ಟಿಹಾಕಿರೋ ವೇಗ ಅನ್ನಿಸ್ತು. ಮೇಷ್ಟ್ರೇ ತಿಂಗಳ ಡೇಟಾ ಏನಾದ್ರೂ ಮುಗೀತಾ ಅಂದೆ. ಮೊಮ್ಮಗ ರಜಕ್ಕೆ ಬಂದಿದ್ದ, ಮೂರು ದಿನ ಅದೇನೋ ಗೇಮ್ ಇಳಿಸ್ತಿದ್ದ ಅಂದ್ರು.